ಏಕಾದಶಿಯ ಗಂಜಿ

ವಿಶ್ವಂಭರ ಗುರುಗಳು ಯಾರನ್ನೂ ಶಿಷ್ಯ ಎಂದು ಕರೆದವರಲ್ಲ. ಯಾರಾದರೂ ಕೇಳಿದರೆ, "ಇಲ್ಲಿ ಓದುವ ಹುಡುಗರಿದ್ದಾರೆ, ಅಷ್ಟೇ" ಎಂದುಬಿಡುತ್ತಿದ್ದರು.

ಶಿಷ್ಯ ಎಂಬ ಆ ಒಂದು ಮಾತಿಗಾಗಿ ಆಶ್ರಮದ ಹುಡುಗ ಸುಧನ್ವ ಹಂಬಲಿಸುತ್ತಿದ್ದ. ಗುರುಗಳ ಕಮಂಡಲು ಹಿಡಿದು ಬದರಿಗೆ ಹೋಗಿಬಂದವನನ್ನು ಶಿಷ್ಯ ಎನ್ನದೆ ಇನ್ನೇನೆಂದಾರು? ಇದು ಅವನ ಲೆಕ್ಕಾಚಾರ. ಮಳೆ ನಿಂತ ಮೇಲೆ ಗುರುಗಳು ಹೊರಡಲಿದ್ದ ಈ ಸಲದ ಯಾತ್ರೆಯಲ್ಲಿ ಕಮಂಡಲು ಹಿಡಿಯುವವನು ಅವನೇ ಎಂದು ನಿಶ್ಚಯವೂ ಆಗಿತ್ತು.

ಒಂದು ಬೆಳಿಗ್ಗೆ ತುಂಬಿದ ಹೊಳೆಯಲ್ಲಿ ಗೋಣಿಚೀಲವೊಂದು ತೇಲಿಬಂತು. ಒಳಗೆ ಏನೋ ಕುಂಯ್‌ಗುಡುತ್ತಿತ್ತು. ಸುಧನ್ವ ಹಿಂದುಮುಂದು ನೋಡದೆ ನೀರಿಗೆ ಹಾರಿದ. ಚೀಲ ಬಿಚ್ಚಿದರೆ ಅಂಗೈಯಗಲದ ನಾಯಿಮರಿ, ಬೂದಿ ಬಣ್ಣದ್ದು. ಹಿಂಗಾಲು ಮುರಿದಿತ್ತು.

ಆಶ್ರಮದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಸುಧನ್ವನ ಎದೆ ಉಬ್ಬಿತು. ಮರಿಯನ್ನೆತ್ತಿಕೊಂಡು ನೇರ ಗುರುಗಳ ಮುಂದೆ ಹೋಗಿ ನಿಂತ.

"ಇದನ್ನು ನಾನೇ ಉಳಿಸಿದೆ, ಗುರುಗಳೇ. ಇಟ್ಟುಕೊಳ್ಳಲೇ?"

"ಇಟ್ಟುಕೋ. ಎಷ್ಟು ದಿನಕ್ಕೆ ಉಳಿಸಿದೆ?"

ಸುಧನ್ವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗುರುಗಳು ಮತ್ತೆ ಕೇಳಲೂ ಇಲ್ಲ.

ಅವನು ಮರಿಯ ಕಾಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿದ. ಹಾಲು ಅನ್ನ ಕಿವುಚಿ ತಿನ್ನಿಸಿದ. ಬೇರೆ ಯಾರು ಕೊಟ್ಟರೂ ಅದು ಮೂಸುತ್ತಲೂ ಇರಲಿಲ್ಲ. ಅದೂ ಅವನಿಗೊಂದು ಹೆಮ್ಮೆ.

ಏಕಾದಶಿ ಬಂತು. ಅಂದು ಆಶ್ರಮದಲ್ಲಿ ಎಲ್ಲರಿಗೂ ಉಪವಾಸ, ಒಲೆ ಹಚ್ಚುವಂತಿಲ್ಲ. ಉಳಿದವರು ನೀರನ್ನಾದರೂ ಕುಡಿದರು, ಸುಧನ್ವ ಅದನ್ನೂ ಬಿಟ್ಟ. ಮರಿಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಜಪಕ್ಕೆ ಕೂತವನು ಸಂಜೆಯವರೆಗೆ ಅಲುಗಲಿಲ್ಲ. ಇಂಥ ಏಕಾದಶಿ ಈ ಆಶ್ರಮದಲ್ಲಿ ಯಾರೂ ಮಾಡಿರಲಾರರು ಎಂದುಕೊಳ್ಳುತ್ತಲೇ ಎದ್ದ.

ಅಡುಗೆಮನೆಯಿಂದ ಹೊಗೆ ಬರುತ್ತಿತ್ತು.

ಓಡಿಹೋಗಿ ನೋಡಿದರೆ ಗುರುಗಳೇ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತಿದ್ದಾರೆ. ಗಡಿಗೆಯಲ್ಲಿ ಅಕ್ಕಿ ಬೇಯುತ್ತಿದೆ.

"ಗುರುಗಳೇ! ಇವತ್ತು ಏಕಾದಶಿ!"

"ಹೌದು. ನನಗೂ ಏಕಾದಶಿ, ನಿನಗೂ ಏಕಾದಶಿ." ಗುರುಗಳು ತಮ್ಮ ಮಡಿಲ ಕಡೆ ನೋಡಿದರು. "ಇದು ಯಾವಾಗ ಸಂಕಲ್ಪ ಮಾಡಿತು?"

ಮಡಿಲಲ್ಲಿ ಮರಿ ಕತ್ತು ಚೆಲ್ಲಿ ಮಲಗಿತ್ತು. ಸುಧನ್ವ ಕರೆದರೂ ಕಣ್ಣು ಬಿಡಲಿಲ್ಲ. ಅವನ ಜೀವ ಬಾಯಿಗೆ ಬಂತು.

"ನೆನಪೇ ಆಗಲಿಲ್ಲ, ಗುರುಗಳೇ. ನನಗೆ ಹಸಿವೇ ಆಗಲಿಲ್ಲ."

"ಅದಕ್ಕೆ ಹಸಿವಾಯಿತು."

ಗುರುಗಳು ಗಂಜಿಯ ಬಟ್ಟಲನ್ನು ಅವನ ಕೈಗಿಟ್ಟರು. "ತಗೋ. ನನ್ನ ಕೈಯಿಂದ ತಿನ್ನುವುದಿಲ್ಲವಂತಲ್ಲ."

ಸುಧನ್ವ ಗಂಜಿ ಆರಿಸಿ, ಬೆರಳನ್ನು ಅದರಲ್ಲಿ ಅದ್ದಿ ಮರಿಯ ಬಾಯಿಗೆ ಹನಿಹನಿಯಾಗಿ ಬಿಟ್ಟ. ಬಹಳ ಹೊತ್ತಿನ ಮೇಲೆ ಸಣ್ಣ ನಾಲಗೆಯೊಂದು ಅವನ ಬೆರಳು ನೆಕ್ಕಿತು. ಅವನು ಗಟ್ಟಿಯಾಗಿ ಅತ್ತುಬಿಟ್ಟ.

ಮಳೆ ನಿಂತು ಬದರಿಗೆ ಹೊರಡುವ ದಿನ ಬಂತು. ಅಡುಗೆಮನೆಯ ಕೆಳಗೇ ಹೊಳೆ, ಅಲ್ಲಿ ದೋಣಿ ಕಾಯುತ್ತಿತ್ತು. ಮರಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದ ಸುಧನ್ವ ಫಳಫಳ ತಿಕ್ಕಿದ ಕಮಂಡಲುವನ್ನು ದಡದಲ್ಲಿ ನಿಂತಿದ್ದ ಗುರುಗಳ ಪಾದದ ಬಳಿ ಇಟ್ಟ.

"ನಾನು ಬರಲಾರೆ, ಗುರುಗಳೇ. ಇದರ ಕಾಲು ಇನ್ನೂ ಕೂಡಿಲ್ಲ. ನಾನು ಹೋದರೆ ಇದು ತಿನ್ನುವುದೂ ಇಲ್ಲ."

"ಇನ್ನೊಂದು ಸಲ ಬದರಿ ಹತ್ತುವ ಶಕ್ತಿ ನನಗಿರುತ್ತದೋ ಇಲ್ಲವೋ."

"ಗೊತ್ತು." ಸುಧನ್ವ ಮರಿಯನ್ನು ಎದೆಗೊತ್ತಿಕೊಂಡ.

"ಎಷ್ಟು ದಿನ ನೋಡಿಕೊಳ್ಳುತ್ತೀ?"

"ಇದು ಇರುವಷ್ಟು ದಿನ."

ಅಷ್ಟರಲ್ಲಿ ಮೇಲೆ ಅಡುಗೆಮನೆಯಲ್ಲಿ ಮರಿಗೆಂದು ಇಟ್ಟಿದ್ದ ಗಂಜಿ ಉಕ್ಕಿ ಚುರ್ರೆಂದು ಒಲೆಗೆ ಚೆಲ್ಲಿತು. ಸುಧನ್ವ ನಮಸ್ಕಾರ ಮಾಡುವುದನ್ನೂ ಮರೆತು ಅಡುಗೆಮನೆಗೆ ಓಡಿದ.

ಅಂಬಿಗನಿಗೆ ಇದು ಸರಿಕಾಣಲಿಲ್ಲ. "ಯಾರು ಬುದ್ಧೀ ಈ ಹುಡುಗ? ನೀವು ಹೊರಟು ನಿಂತಿದ್ರೆ ಕಾಲಿಗೂ ಬೀಳ್ದೆ ಓಡ್ತಾನಲ್ಲ!"

ಗಡಿಗೆ ಇಳಿಸುತ್ತಿದ್ದ ಸುಧನ್ವನ ಕೈ ಅಲ್ಲೇ ನಿಂತಿತು. ಕಿಟಕಿಯಾಚೆ ಗುರುಗಳು ಕಮಂಡಲುವನ್ನು ತಾವೇ ಎತ್ತಿಕೊಂಡು ದೋಣಿ ಹತ್ತುತ್ತಿದ್ದರು. ಅವರ ದನಿ ಆಚೆ ದಡಕ್ಕೂ ಕೇಳುವಂತಿತ್ತು.

"ಅವನೇ? ಅವನು ನನ್ನ ಶಿಷ್ಯ."