ಸಾವಿರ ಹಾಸಿನ ಒಡೆಯನೂ ಸೀಲುಗಳ ಲೆಕ್ಕವೂ

ಬಡಗಣ ದಿಕ್ಕಿಗೆ ಮುಖ ಮಾಡಿ ನಡೆಯಿರಿ ಮಕ್ಕಳೇ. ನಡೆದು ನಡೆದು ಕಾಲು ಸೋತ ಮೇಲೆ ದೋಣಿ ಹತ್ತಿ. ದೋಣಿಯವನು "ಇನ್ನು ಮುಂದಕ್ಕೆ ನಾನೊಲ್ಲೆ ತಾಯೀ, ಚಳಿಗೆ ಕಿವಿ ಉದುರಿಬಿಡುತ್ತೆ" ಅನ್ನುವ ಜಾಗ ಒಂದಿದೆ. ಅದರಾಚೆಗೆ ಒಂದು ರಾಜ್ಯವಿತ್ತು. ನೆಲವೇ ಇಲ್ಲದ ರಾಜ್ಯ. ಕಡಲ ಮೇಲೆ ತೇಲುವ ಹಿಮದ ಹಾಸುಗಳೇ ಅಲ್ಲಿಯ ಊರು, ಕೇರಿ, ಓಣಿ ಎಲ್ಲ.

ಆ ರಾಜ್ಯವನ್ನು ಬೆಳ್ಳುರಾಯನೆಂಬ ಹಿಮಕರಡಿ ಆಳುತ್ತಿದ್ದ. ಒಳ್ಳೆಯವನೇ. ಆದರೆ ಹೊಗಳಿಕೆ ಅಂದರೆ ಅವನಿಗೆ ಪಾಯಸ. ದಿನಾ ಬೆಳಿಗ್ಗೆ ಏಳು ಕಡಲಹಕ್ಕಿಗಳು ಸಾಲಾಗಿ ನಿಂತು ಕೂಗಬೇಕು: "ಬಹುಪರಾಕ್! ಬಹುಪರಾಕ್! ಸಾವಿರ ಹಾಸಿನ ಒಡೆಯ ಬೆಳ್ಳುರಾಯ ಮಹಾಸ್ವಾಮಿಗೆ ಬಹುಪರಾಕ್!"

ಈ 'ಸಾವಿರ ಹಾಸಿನ ಒಡೆಯ' ಅನ್ನುವ ಬಿರುದು ಅವನ ಮುತ್ತಾತ ಸಂಪಾದಿಸಿದ್ದು. ಮುತ್ತಾತನ ಕಾಲದಲ್ಲಿ ಸಾವಿರ ಹಾಸುಗಳು ನಿಜಕ್ಕೂ ಇದ್ದವು. ಬಿರುದು ಮೊಮ್ಮಗನ ಮಗನಿಗೆ ಇಡಿಯಾಗಿ ಬಂತು. ಹಾಸುಗಳು ಹಾಗೆ ಬರಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ಹೊಗೆಯ ಮೇಲೆ ಹೊಗೆ ಎಬ್ಬಿಸಿ (ಆ ಯಾರೋ ಯಾರು ಅಂತ ಕೇಳಬೇಡಿ, ನಾನೂ ಇವತ್ತು ಕಾರಿನಲ್ಲೇ ಬಂದೆ) ಕಡಲು ಬೆಚ್ಚಗಾಗಿ, ಹಾಸುಗಳು ಅಂಚಿನಿಂದ ಕರಗುತ್ತ ಬಂದವು. ಇದನ್ನು ಕಂಡವರು ಬಹಳ, ಹೇಳಿದವರು ಯಾರೂ ಇಲ್ಲ. ಯಾಕೆಂದರೆ ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು: ಯಾರು ರಾಜನ ಬಿರುದನ್ನು ಕಡಿಮೆ ಮಾಡುತ್ತಾರೋ ಅವರ ಮೂಗನ್ನು ಕಡಿಮೆ ಮಾಡತಕ್ಕದ್ದು.

ಮೂಗು ಯಾರಿಗೆ ಬೇಡ ಹೇಳಿ?

ಆ ರಾಜ್ಯದ ಪ್ರಜೆಗಳು ಸೀಲುಗಳು. ಸೀಲು ಗೊತ್ತಲ್ಲ? ನೀರೊಳಗೆ ಮೀನಿನ ಹಾಗೆ ಈಜುತ್ತದೆ. ಹಾಸಿನ ಮೇಲೆ ಬಂದರೆ ಮದುವೆ ಊಟ ಮುಗಿಸಿದ ಬೀಗರ ಹಾಗೆ ಬಿದ್ದುಕೊಳ್ಳುತ್ತದೆ. ದುಂಡು ಮೈ, ದೊಡ್ಡ ಕಣ್ಣು, ಒಂದು ಹಿಡಿ ಮೀಸೆ. ಹೆಂಗಸರಿಗೂ ಮೀಸೆ, ಆ ವಿಷಯದಲ್ಲಿ ಅಲ್ಲಿ ಯಾರಿಗೂ ಮುಜುಗರವಿಲ್ಲ. ಸೀಲಮ್ಮಂದಿರು ಹಿಮದ ಮೇಲೆಯೇ ಹೆರಬೇಕು, ಹಿಮದ ಮೇಲೆಯೇ ಹಾಲು ಕುಡಿಸಬೇಕು. ಮರಿಗೆ ಈಜು ಬರುವ ತನಕ ಹಿಮವೇ ತೊಟ್ಟಿಲು.

ಕರಡಿಗೆ ಸೀಲೇ ಊಟ. ಅದಕ್ಕೆ ಹಿಂದಿನವರು ಒಂದು ಒಪ್ಪಂದ ಮಾಡಿಕೊಂಡಿದ್ದರು. ವಸಂತದಲ್ಲಿ ಸೀಲುಗಳನ್ನು ಎಣಿಸಬೇಕು. ಹತ್ತರಲ್ಲಿ ಒಂದು ರಾಜನ ಬಳಗಕ್ಕೆ. ಹಾಲು ಕುಡಿಯುವ ಮರಿಯನ್ನು ಮುಟ್ಟಬಾರದು. ಕರಡಿಗಳು ತಿಂದು ಬಿಟ್ಟದ್ದು ನರಿಗಳಿಗೆ.

ಎಣಿಸುವ ಕೆಲಸ ಮಂತ್ರಿಯದು. ಮಂತ್ರಿ ಒಂದು ಬಿಳಿ ನರಿ, ಹೆಸರು ಅಂದಾಜಯ್ಯ. ಅವನ ಎಣಿಕೆಯ ಕ್ರಮ ಕೇಳಿ. ಅಂಗಾಲು ಒದ್ದೆಯಾಗುವುದು ಅವನಿಗೆ ಆಗದು. ಹಾಗಾಗಿ ಆಸ್ಥಾನದ ಪಕ್ಕದ ಹಾಸಿಗೆ ಒಂದೇ ನೆಗೆತ ನೆಗೆಯುವುದು. ಸೀಲುಗಳೆಲ್ಲ ಬಿಸಿಲು ಕಾಯಿಸಲು ಮೇಲೆ ಬರುವ ಮಧ್ಯಾಹ್ನವನ್ನೇ ನೋಡಿ ಹೋಗುವುದು. ಆ ಒಂದು ಹಾಸಿನ ಮೇಲಿನ ಸೀಲುಗಳನ್ನು ಎಣಿಸುವುದು. ಮಹಾಸ್ವಾಮಿ ಸಾವಿರ ಹಾಸಿನ ಒಡೆಯರಲ್ಲವೇ? ಸಾವಿರದಿಂದ ಗುಣಿಸುವುದು. ವಾಪಸು ಬಂದು ಬಾಲವನ್ನು ಮೈಗೆ ಸುತ್ತಿಕೊಂಡು ಮಲಗುವುದು.

ಮೊದಲ ವಸಂತದಲ್ಲಿ ಹಾಸಿನ ಮೇಲೆ ಹತ್ತು ಸೀಲುಗಳಿದ್ದವು. "ಹತ್ತು ಸಾವಿರ ಪ್ರಜೆಗಳು ಮಹಾಸ್ವಾಮಿ!" ಅಂದ ಅಂದಾಜಯ್ಯ. ರಾಜ ಚಪ್ಪಾಳೆ ತಟ್ಟಿದ. ಸರದಾರ ಕರಡಿಗಳು ಸಾವಿರ ಸೀಲು ತಿಂದವು. ನರಿಗಳು ಉಳಿದದ್ದನ್ನು ತಿಂದವು.

ಎರಡನೆಯ ವಸಂತದಲ್ಲಿ ಬಹಳ ಹಾಸುಗಳು ಕರಗಿದ್ದವು. ಅಲ್ಲಿದ್ದ ಸೀಲುಗಳು ಉಳಿದ ಹಾಸುಗಳಿಗೆ ಬಂದು ಒತ್ತಿಕೊಂಡವು. ಅದೇ ಹಾಸಿನ ಮೇಲೆ ಇಪ್ಪತ್ತು. "ಇಪ್ಪತ್ತು ಸಾವಿರ ಮಹಾಸ್ವಾಮಿ! ತಮ್ಮ ಆಳ್ವಿಕೆಯಲ್ಲಿ ಪ್ರಜೆಗಳು ಎರಡರಷ್ಟಾದರು!" ರಾಜ ಕುಣಿದ. ಸರದಾರರು ಎರಡು ಸಾವಿರ ಹುಡುಕಿ ಹೊರಟರು, ಅರ್ಧವೂ ಸಿಗಲಿಲ್ಲ. "ನೀರೊಳಗೆ ಅಡಗಿವೆ ಸ್ವಾಮಿ, ಕಳ್ಳ ಬಡ್ಡೀಮಕ್ಕಳು" ಅಂದ ಅಂದಾಜಯ್ಯ.

ಮೂರನೆಯ ವಸಂತದಲ್ಲಿ ಹಾಸಿನ ಮೇಲೆ ಕಾಲಿಡಲು ಜಾಗವಿಲ್ಲ. ಸಂತೆ ದಿನದ ಬಸ್ಸಿನ ಹಾಗೆ ಒಬ್ಬರ ಮೇಲೊಬ್ಬರು. "ಏ, ನಿನ್ನ ಮೀಸೆ ನನ್ನ ಮೂಗಿಗೆ ಚುಚ್ಚುತ್ತೆ ಕಣೇ!" "ನಿನ್ನ ಹೊಟ್ಟೆ ಎತ್ತಿಕೋ, ಆಮೇಲೆ ಮೀಸೆ ಮಾತು!" ಅಂತ ಜಗಳ. ಅಂದಾಜಯ್ಯ ಅಂಚಿನಲ್ಲಿ ನಿಂತು ಎಣಿಸಿದ. ನಲವತ್ತು!

"ನಲವತ್ತು ಸಾವಿರ ಮಹಾಸ್ವಾಮಿ!"

ರಾಜ ಸಿಂಹಾಸನದಿಂದ ಎದ್ದು ಎರಡು ಸುತ್ತು ಗಿರಕಿ ಹೊಡೆದು ಧೊಪ್ಪನೆ ಕೂತ. ಆಗ ಅಂದಾಜಯ್ಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಇಷ್ಟು ಸಮೃದ್ಧಿ ಇರುವಾಗ ಮರಿಗಳನ್ನು ಬಿಡುವುದು ಯಾಕೆ ಸ್ವಾಮಿ? ಮರಿ ಮೆತ್ತಗೆ. ನಾಳೆಯಿಂದ ಮರಿಯೂ ಲೆಕ್ಕಕ್ಕೆ ಸೇರಲಿ."

"ಸೇರಲಿ, ಸೇರಲಿ!" ಅಂದ ರಾಜ, ತಲೆ ಇನ್ನೂ ತಿರುಗುತ್ತಲೇ ಇತ್ತು.

ಸುದ್ದಿ ಪಕ್ಕದ ಹಾಸಿಗೆ ಮುಟ್ಟಿತು. ಅಲ್ಲಿ ಚುಕ್ಕವ್ವ ಅಂತ ಒಬ್ಬ ಸೀಲಮ್ಮ. ಅವಳ ಮಗ್ಗುಲಲ್ಲಿ ಒಂದು ಮರಿ. ಮೈಮೇಲಿನ ಬಿಳಿ ತುಪ್ಪಳ ಇನ್ನೂ ಉದುರಿಲ್ಲ, ನೀರಿಗೆ ಬಿದ್ದರೆ ಈಜು ಬಾರದು. ಓಡಿಹೋಗೋಣವೆಂದರೆ ಹೋಗಲು ಇನ್ನೊಂದು ಹಾಸು ಬೇಕಲ್ಲ?

"ಇರುವುದು ಒಂಬತ್ತೇ ಹಾಸು ಅಂತ ರಾಜನಿಗೆ ಹೇಳಿಬಿಡೋಣ ಅಕ್ಕ" ಅಂದಳು ಪಕ್ಕದವಳು.

"ಹೇಳಿದರೆ ಬಿರುದು ಕಮ್ಮಿ ಮಾಡಿದೆ ಅಂತ ಮೂಗು ಕೊಯ್ತಾರೆ. ಆಮೇಲೆ ಮೂಗಿಲ್ಲದವಳ ಮಾತು ಯಾರು ಕೇಳ್ತಾರೆ?" ಅಂದಳು ಚುಕ್ಕವ್ವ. ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡಳು. "ಹೇಳಬೇಕಾದವನು ಅಂದಾಜಯ್ಯ. ಅವನ ಬಾಯಿಂದಲೇ ಹೇಳಿಸ್ತೀನಿ. ನನ್ನ ಮರಿ ನೋಡ್ಕೊಳ್ರೇ. ಯಾರೂ ಅದರ ಮೇಲೆ ಮಲಗಬೇಡಿ."

ಆಸ್ಥಾನದ ನಟ್ಟನಡುವೆ ಹಿಮದಲ್ಲಿ ಒಂದು ತೂತು ಇತ್ತು. ಅದಕ್ಕೆ ಅರಿಕೆತೂತು ಅಂತ ಹೆಸರು. ಯಾವ ಸೀಲೇ ಆಗಲಿ ಕೆಳಗಿನಿಂದ ಈಜಿ ಬಂದು, ಆ ತೂತಿನಲ್ಲಿ ತಲೆ ಹಾಕಿ ರಾಜನಿಗೆ ಅರಿಕೆ ಮಾಡಿಕೊಳ್ಳಬಹುದು. ಅರಿಕೆ ಮುಗಿಯುವ ತನಕ ಯಾರೂ ಕಚ್ಚುವಂತಿಲ್ಲ. ಮುಗಿದ ಮೇಲೆ ಏನು ಅಂತ ಕಟ್ಟಳೆಯಲ್ಲಿ ಬರೆದಿರಲಿಲ್ಲ. ಹಾಗಾಗಿ ಬಹಳ ವರ್ಷಗಳಿಂದ ಯಾರಿಗೂ ಯಾವ ಅರಿಕೆಯೂ ಇರಲಿಲ್ಲ.

ಮರುದಿನ ಬೇಟೆಗೆ ಹೊರಡುವ ಹೊತ್ತು. ಸರದಾರರು ಹಲ್ಲು ಉಜ್ಜಿಕೊಂಡು ನಿಂತಿದ್ದಾರೆ. ಬುಳುಕ್ ಅಂತ ಅರಿಕೆತೂತಿನಿಂದ ಒಂದು ತಲೆ ಮೇಲೆ ಬಂತು.

"ಅಡ್ಡಬಿದ್ದೆ ಬುದ್ಧೀ" ಅಂದಳು ಚುಕ್ಕವ್ವ. "ತೂತಿನಲ್ಲಿ ಅಡ್ಡ ಬೀಳಲು ಆಗೋದಿಲ್ಲ, ಬಿದ್ದೆ ಅಂತ ತಿಳ್ಕೋಬೇಕು."

ರಾಜನಿಗೆ ನಗು ಬಂತು. "ಏನಮ್ಮ ನಿನ್ನ ಅರಿಕೆ?"

"ಮಂತ್ರಿಗಳ ಎಣಿಕೆಯನ್ನು ಹೊಗಳೋಣ ಅಂತ ಬಂದೆ. ಇಷ್ಟು ದಿನ ಅವರು ಬರೀ ನಮ್ಮನ್ನ ಎಣಿಸಿದರು. ಈ ಆಸ್ಥಾನದವರನ್ನ ಯಾರೂ ಎಣಿಸಿಲ್ಲ. ಪಾಪ, ಅವರೇನು ತಪ್ಪು ಮಾಡಿದರು? ಒಂದು ಹಾಸಿನ ಮೇಲೆ ಎಷ್ಟು ಅಂತ ನೋಡೋದು, ಸಾವಿರದಿಂದ ಗುಣಿಸೋದು. ಕ್ರಮ ಸರಿಯಲ್ವಾ ಅಂದಾಜಯ್ಯನೋರೆ?"

"ಶುದ್ಧ ಸರಿ!" ಅಂದ ಅಂದಾಜಯ್ಯ, ಎದೆ ಉಬ್ಬಿಸಿ. "ಈ ಕ್ರಮದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ."

"ಹಾಗಿದ್ದರೆ ಮೊದಲು ಬಹುಪರಾಕಿನ ಹಕ್ಕಿಗಳು. ಇಲ್ಲಿ ಏಳು ಇದಾವೆ."

"ಏಳು ಸಾವಿರ!" ಅಂದ ಅಂದಾಜಯ್ಯ.

ರಾಜನ ಮುಖ ಅರಳಿತು. "ನನ್ನನ್ನು ಹೊಗಳುವವರು ಏಳು ಸಾವಿರವೇ? ನಾನು ಏಳು ಅಂದುಕೊಂಡು ಬೇಜಾರು ಮಾಡಿಕೊಂಡಿದ್ದೆ!" ಹಕ್ಕಿಗಳಿಗೆ ತಲಾ ಒಂದು ಮೀನು ಎಸೆದ. ಹಕ್ಕಿಗಳು ಉಳಿದ ಆರು ಸಾವಿರದ ಒಂಬೈನೂರ ತೊಂಬತ್ತಮೂರು ಹಕ್ಕಿಗಳ ಪಾಲು ಎಲ್ಲಿ ಅಂತ ಕೇಳಿದವು. ರಾಜ ಕೇಳಿಸದವನ ಹಾಗೆ ಕೂತ.

"ಎರಡನೆಯದು ನರಿಗಳು ಬುದ್ಧೀ. ಎಂಜಲಿಗೆ ಕಾದು ಮೂವತ್ತು ಜನ ಇಲ್ಲೇ ಕೂತಿದಾರೆ."

"ಮೂವತ್ತು ಸಾ..." ಅಂದ ಅಂದಾಜಯ್ಯ. ನಾಲಿಗೆ ಕಚ್ಚಿಕೊಂಡ. ಆದರೆ ರಾಜನಿಗೂ ಅಷ್ಟು ಗುಣಾಕಾರ ಬರುತ್ತಿತ್ತು.

"ಮೂವತ್ತು ಸಾವಿರ ನರಿಗಳು ನನ್ನ ತಟ್ಟೆ ನೆಕ್ಕುತ್ತಿವೆಯೇನೋ? ಅದಕ್ಕೇ ನಾನು ಸೊರಗುತ್ತಿರೋದು! ಹತ್ತರಲ್ಲೊಂದು ಅಂದರೆ ಮೂರು ಸಾವಿರ. ಈ ಸಲ ಅದನ್ನೂ ಅಡುಗೆಗೆ ಸೇರಿಸು."

ಮೂವತ್ತು ನರಿಗಳೂ ಒಟ್ಟಿಗೆ ಬಾಲ ಮಡಚಿದವು. "ನರಿಮಾಂಸ ಕಹಿ ಸ್ವಾಮೀ!" ಅಂದ ಅಂದಾಜಯ್ಯ. "ತಿಂದರೆ ಪಿತ್ತ ಕೆರಳುತ್ತೆ. ಹೊಗಳಿಕೆ ರುಚಿಸೋದಿಲ್ಲ."

"ಹೌದೇ? ಹಾಗಾದರೆ ಆಮೇಲೆ ನೋಡೋಣ" ಅಂದ ರಾಜ. ಆದರೆ ಹುಬ್ಬು ಗಂಟಾಗಿಯೇ ಇತ್ತು.

"ಇನ್ನೊಂದೇ ಒಂದು ಉಳೀತು ಬುದ್ಧೀ" ಅಂದಳು ಚುಕ್ಕವ್ವ. ಸರದಾರನೊಬ್ಬ ತೂತಿನ ಹತ್ತಿರಕ್ಕೆ ಜರುಗಿ, ಅರಿಕೆ ಮುಗಿಯುವುದನ್ನೇ ಕಾಯುತ್ತಿದ್ದ. "ಈ ಹಾಸಿನ ಮೇಲೆ ರಾಜರು ಎಷ್ಟು ಜನ ಇದಾರೆ?"

"ಒಬ್ಬ! ನಾನು!" ಅಂದ ಬೆಳ್ಳುರಾಯ.

"ಅಂದರೆ ಒಟ್ಟು ರಾಜ್ಯದಲ್ಲಿ?"

ರಾಜ ಉಗುರು ಮಡಚಿ ಲೆಕ್ಕ ಹಾಕಿದ. ಒಂದು ಸಲ ಹಾಕಿದ. ಎರಡು ಸಲ ಹಾಕಿದ. ಮೂರನೆಯ ಸಲಕ್ಕೆ ಘರ್ಜಿಸಿದ.

"ಸಾವಿರ ರಾಜರೇ? ನನ್ನ ರಾಜ್ಯದಲ್ಲಿ ಇನ್ನೂ ಒಂಬೈನೂರ ತೊಂಬತ್ತೊಂಬತ್ತು ರಾಜರೇ? ಎಲ್ಲಿ ಅವರು? ಅವರಿಗೂ ಬಹುಪರಾಕ್ ಹೇಳ್ತಾರಾ? ಸರದಾರರೇ, ಹೋಗಿ! ಒಬ್ಬೊಬ್ಬನನ್ನೂ ಹಿಡಿದು ತನ್ನಿ!"

ಸರದಾರರು ಮುಖ ಮುಖ ನೋಡಿಕೊಂಡರು. ಹೋಗಲು ಹಾಸು ಬೇಕಲ್ಲ!

"ಅಂದಾಜಯ್ಯ!" ರಾಜ ಮಂತ್ರಿಯ ಕುತ್ತಿಗೆಯ ತುಪ್ಪಳ ಹಿಡಿದು ಎತ್ತಿದ. "ಇದನ್ನು ಮುಚ್ಚಿಟ್ಟೆ ಅಲ್ಲವಾ? ಆ ರಾಜರ ಹತ್ತಿರವೂ ಸಂಬಳ ತಗೋತೀಯಾ?"

"ಇಲ್ಲ ಸ್ವಾಮಿ, ಇಲ್ಲ!"

"ಹಾಗಾದರೆ ನಿನ್ನ ಕ್ರಮ ತಪ್ಪಾ?"

"ಸರಿ ಸ್ವಾಮಿ! ಅಲ್ಲ, ತಪ್ಪು! ಸೀಲಿಗೆ ಸರಿ, ರಾಜರಿಗೆ ತಪ್ಪು!"

"ಯಾಕೋ ರಾಜರಿಗೆ ತಪ್ಪು?" ರಾಜ ಅವನನ್ನು ಅರಿಕೆತೂತಿನ ಮೇಲೆ ತೂಗುಹಾಕಿದ. ಕೆಳಗೆ ತಣ್ಣನೆ ನೀರು. ಮೇಲೆ ಬಿಸಿ ಉಸಿರು. ನಡುವೆ ಚುಕ್ಕವ್ವನ ಮೀಸೆ ಅವನ ಅಂಗಾಲಿಗೆ ಕಚಗುಳಿ ಇಡುತ್ತಿತ್ತು.

ಅಂದಾಜಯ್ಯ ಕಿರುಚಿದ: "ಬೇರೆ ರಾಜರು ನಿಲ್ಲಲು ಜಾಗವೇ ಇಲ್ಲ ಮಹಾಸ್ವಾಮಿ! ಸಾವಿರ ಹಾಸು ಎಲ್ಲಿದೆ? ಎಲ್ಲಾ ಕರಗಿಹೋಯ್ತು! ಇರೋದು ಒಂಬತ್ತೇ! ಒಂಬತ್ತೇ ಒಂಬತ್ತು! ಅದಕ್ಕೇ ಸೀಲುಗಳು ಒಂದರ ಮೇಲೊಂದು ಬಿದ್ದಿರೋದು!"

ರಾಜ ಅವನನ್ನು ಕೆಳಗಿಳಿಸಿದ. ತಾನೇ ಎದ್ದು ಆಸ್ಥಾನದ ಅಂಚಿಗೆ ನಡೆದ. ಅವನು ಅಂಚಿನ ತನಕ ಹೋಗಿದ್ದು ಅದೇ ಮೊದಲು. ನೋಡಿದ. ನೀರು, ನೀರು, ನೀರು. ಅದರ ನಡುವೆ ಚೂರುಪಾರು ಬಿಳುಪು. ಪಕ್ಕದ ಹಾಸಿನ ಮೇಲೆ ಒತ್ತಿಕೊಂಡ ಸೀಲುಗಳು, ಅವುಗಳ ನಡುವೆ ಯಾರೂ ಮೇಲೆ ಮಲಗದ ಹಾಗೆ ಕಾದಿಟ್ಟ ಒಂದು ಬಿಳಿ ಮರಿ.

"ನಲವತ್ತು ಸಾವಿರದಲ್ಲಿ ನಾಲ್ಕು ಸಾವಿರ ತಿನ್ನಲು ಹೊರಟಿದ್ದೆವು" ಅಂದ ರಾಜ ಸಣ್ಣ ದನಿಯಲ್ಲಿ. "ಒಂಬತ್ತು ನಲವತ್ತಲಿ ಮುನ್ನೂರ ಅರವತ್ತು. ಎಲ್ಲರನ್ನೂ ತಿಂದು ಮುಗಿಸಿದರೂ ಇನ್ನೂ ಬಾಕಿ ಉಳಿಯುತ್ತಿತ್ತಲ್ಲೋ. ಆಮೇಲೆ ನಾನು ಏನು ತಿನ್ನಲಿ? ಬಿರುದನ್ನೇ?"

"ಮುನ್ನೂರ ಅರವತ್ತೂ ಪಕ್ಕಾ ಅಲ್ಲ ಬುದ್ಧೀ" ಅಂದಳು ಚುಕ್ಕವ್ವ. "ಅದೂ ಒಂದೇ ಹಾಸು ನೋಡಿ ಹೇಳಿದ್ದು. ಒಂಬತ್ತಕ್ಕೂ ಹೋಗಿ ನೋಡಬೇಕು. ಮೀನಿಗೆ ಅಂತ ನೀರೊಳಗೆ ಹೋದವರು ಇರ್ತಾರೆ, ಅವರು ಉಸಿರಿಗೆ ತಲೆ ಎತ್ತೋ ತೂತಿನ ಹತ್ತಿರ ಕೂತು ಕಾಯಬೇಕು. ಅಷ್ಟಾದ ಮೇಲೂ ಸ್ವಲ್ಪ ಗೊತ್ತಾಗೋದಿಲ್ಲ. ಗೊತ್ತಾಗದ್ದನ್ನ ಗೊತ್ತಿಲ್ಲ ಅಂತಲೇ ಹೇಳಬೇಕು."

"ಗೊತ್ತಿಲ್ಲ" ಅಂತ ರಾಜ ಹೇಳಿ ನೋಡಿದ. ಬಾಯಿಗೆ ಹೊಸ ರುಚಿ. ಸರದಾರರೂ ಹೇಳಿ ನೋಡಿದರು. "ಗೊತ್ತಿಲ್ಲ! ಗೊತ್ತಿಲ್ಲ!" ಹಕ್ಕಿಗಳಂತೂ ಅದಕ್ಕೊಂದು ರಾಗ ಕಟ್ಟಿಯೇಬಿಟ್ಟವು. ಆಸ್ಥಾನದಲ್ಲಿ ಅಷ್ಟು ನಗು ಯಾವತ್ತೂ ಆಗಿರಲಿಲ್ಲ.

ಆ ದಿನದ ಬೇಟೆ ನಿಂತಿತು. ಮರಿಗಳನ್ನು ಮುಟ್ಟಬಾರದೆಂಬ ಮಾತು ಮತ್ತೆ ಗಟ್ಟಿಯಾಯಿತು. ಎಣಿಕೆಗೆ ಸೀಲುಗಳೂ ಕರಡಿಗಳೂ ಜೊತೆಯಾಗಿ ಒಂಬತ್ತು ಹಾಸು ಸುತ್ತಬೇಕು, ಸಂದೇಹ ಬಂದರೆ ಕಡಿಮೆ ತಿನ್ನಬೇಕು ಅಂತ ಕಟ್ಟಳೆಯಾಯಿತು. ಉಳಿದ ಹಸಿವಿಗೆ ರಾಜ ಕಡಲಪಾಚಿ ತಿಂದ. ಮುಖ ಕಿವುಚಿಕೊಂಡೇ ತಿಂದ. ಕರಗಿದ ಹಿಮ ಮಾತ್ರ ಇದರಿಂದೆಲ್ಲ ವಾಪಸು ಬರಲಿಲ್ಲ. ಅದು ಬರಬೇಕಾದರೆ ಹೊಗೆ ಎಬ್ಬಿಸುವವರ ಆಸ್ಥಾನದಲ್ಲಿ ಯಾರಾದರೂ ತಲೆ ತೂರಿಸಬೇಕು.

ಅಂದಾಜಯ್ಯ ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದ. ಬಿರುದು ಕಡಿಮೆ ಮಾಡಿದವನು ಅವನೇ ತಾನೇ?

"ಮೂಗು ನಿನ್ನ ಹತ್ತಿರವೇ ಇರಲಿ" ಅಂದ ರಾಜ. "ನಿನ್ನ ಪಾಲನ್ನೂ ನಾನು ಕಿತ್ತುಕೊಳ್ಳುವುದಿಲ್ಲ. ಈ ಒಂಬತ್ತು ಹಾಸಿನ ಎಂಜಲು ಬೇರೆ ನರಿಗಳಿಗೆ. ಉಳಿದ ಒಂಬೈನೂರ ತೊಂಬತ್ತೊಂದು ಹಾಸಿನ ಮೇಲೆ ನೀನು ಎಣಿಸಿದ ಸೀಲುಗಳಿವೆಯಲ್ಲ, ಅವೆಲ್ಲ ನಿನ್ನವೇ. ಹೊಟ್ಟೆ ತುಂಬ ತಿನ್ನಪ್ಪ."

ಕೇಳಿದಿರಲ್ಲ? ಒಂದು ಕಡೆ ಗುಂಪು ದಟ್ಟವಾಗಿ ಕಂಡರೆ ಸಂಖ್ಯೆ ಹೆಚ್ಚಿತು ಅಂತ ಕುಣಿಯಬೇಡಿ, ನಿಲ್ಲುವ ಜಾಗ ಕಿರಿದಾಯಿತೇ ಅಂತ ನೋಡಿ. ಹೊಗಳಿಕೆಯಿಂದ ಗುಣಿಸಿ ಲೆಕ್ಕ ಹೇಳುವವನು ಕೊನೆಗೆ ತಾನು ಎಣಿಸಿದ್ದನ್ನೇ ಉಣ್ಣಬೇಕಾಗುತ್ತದೆ.