ಏರುತ್ತಿದ್ದ ಮನೆ

"ಗುರುಗಳೇ, ನಾನು ಮೇಲೇರಿದ್ದೇನೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಯಾಕೆ, ಉಳಿದವರು ಚಿಕ್ಕವರಾಗಿ ಕಾಣುತ್ತಿದ್ದಾರೋ?" ಎಂದರು.

"ಬೆಳಿಗ್ಗೆ ಊರಿಂದ ಭಾವನ ತಮ್ಮ ಬಂದ. ನನ್ನನ್ನು ಸಾಕಿ ಬೆಳೆಸಿದ ಅಕ್ಕ ತೀರಿಕೊಂಡಳಂತೆ. ಹೇಳುತ್ತಾ ಅವನೇ ಅತ್ತುಬಿಟ್ಟ. ನನ್ನೊಳಗೆ ಏನೂ ಅಲುಗಲಿಲ್ಲ. ಎತ್ತರದಲ್ಲಿ ನಿಂತು ಯಾರದೋ ಸಾವನ್ನು ನೋಡಿದ ಹಾಗಿತ್ತು. ಮಣ್ಣಿಗೆ ಬಾ ಎಂದು ಕರೆದ. ಬರುವುದಿಲ್ಲ ಎಂದೆ. ಇನ್ನೂ ಬಾಗಿಲಲ್ಲೇ ಕೂತಿದ್ದಾನೆ. ಇದು ಸಿದ್ಧಿಯೋ ಅಲ್ಲವೋ, ನೀವೇ ಹೇಳಿ."

"ಕೂತುಕೋ," ಎಂದರು ಗುರುಗಳು.

ಗುರುಗಳ ಕತೆಗಳನ್ನು ಪೂರ್ತಿ ನಂಬುವಂತಿರಲಿಲ್ಲ. ಹೋದ ವರ್ಷದ ಕತೆಯಲ್ಲಿ ಸತ್ತ ವ್ಯಾಪಾರಿ ಈ ವರ್ಷದ ಕತೆಯಲ್ಲಿ ಮದುವೆಯಾಗುತ್ತಿದ್ದ. ಕೇಳಿದರೆ, ಪಾಪ, ಅವನಿಗೂ ಆಸೆ ಇರುವುದಿಲ್ಲವೇ ಎನ್ನುತ್ತಿದ್ದರು. ಶಿಷ್ಯನಿಗೆ ಇದೆಲ್ಲ ಗೊತ್ತಿತ್ತು. ಆದರೂ ಕೂತ. ಗುರುಗಳು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ರೈತನಿದ್ದ. ಯಾವ ಸೀಮೆ ಎಂದು ಕೇಳಬೇಡ. ಕೇಳಿದವರಿಗೆಲ್ಲ ಬೇರೆ ಬೇರೆ ಹೇಳಿಬಿಟ್ಟಿದ್ದೇನೆ. ಅವನ ಪಾಲಿಗೆ ಬಂದದ್ದು ಜೌಗು ನೆಲ. ಅದರ ಮೇಲೆ ಹೆಜ್ಜೆ ಇಟ್ಟರೆ ಮಲಗಿದ ಎಮ್ಮೆಯ ಹೊಟ್ಟೆಯ ಮೇಲೆ ನಡೆದಂತೆ ಆಗುತ್ತಿತ್ತು. ಮಣ್ಣು ಕಡುಕಪ್ಪು. ನಿಜಕ್ಕೂ ಅದು ಮಣ್ಣೇ ಅಲ್ಲ. ಯಾವ ಕಾಲದಿಂದಲೋ ಉದುರಿದ ಎಲೆ, ಬಾಗಿದ ಹುಲ್ಲು, ಸತ್ತ ಬೇರು. ನೀರು ಅವನ್ನೆಲ್ಲ ಮುಳುಗಿಸಿ ಇಟ್ಟುಕೊಂಡಿತ್ತು. ಹಾಗಾಗಿ ಅವು ಕೊಳೆತು ಮುಗಿದಿರಲಿಲ್ಲ. ಕೈ ಹಾಕಿದರೆ ಮುತ್ತಜ್ಜನ ಕಾಲದ ಎಲೆ ನರಗಳ ಸಮೇತ ಮೇಲೆ ಬರುತ್ತಿತ್ತು. ಒಂದರ ಮೇಲೆ ಆಗಿನ ಇಬ್ಬನಿಯೂ ಇತ್ತು ಎಂದರೆ ನೀನು ನಂಬುವುದಿಲ್ಲ, ಬಿಡು.

ಅಂಥ ನೆಲದಲ್ಲಿ ಮನೆ ನಿಲ್ಲದು. ಅದಕ್ಕೆ ರೈತನ ಅಪ್ಪ ಉದ್ದುದ್ದ ಕಂಬಗಳನ್ನು ಅಡಿಯ ಗಟ್ಟಿ ಜೇಡಿಮಣ್ಣಿನವರೆಗೂ ಇಳಿಸಿ, ಅವುಗಳ ಮೇಲೆ ಮನೆ ಕಟ್ಟಿದ್ದ. ಪಕ್ಕದ ಬಂಡೆಯ ಮೇಲೆ ಬೆಳೆದ ನೇರಳೆ ಮರದ ಕೊಂಬೆ ಕಿಟಕಿಗೆ ಬಡಿಯುತ್ತಿತ್ತು. ಹೊಸ್ತಿಲು ನೆಲಕ್ಕೆ ಸಮನಾಗಿತ್ತು. ಅಂಗಳದ ಕೋಳಿ ನೆಂಟರ ಹಾಗೆ ನಡೆದುಕೊಂಡೇ ಒಳಗೆ ಬರುತ್ತಿತ್ತು.

ರೈತ ನೀರನ್ನು ಹೊರಗೆ ಕಳಿಸಲು ಕಾಲುವೆ ತೋಡಿದ. ಕಷಾಯದ ಬಣ್ಣದ ನೀರು ಹರಿಯಿತು, ಹರಿಯಿತು, ಹರಿಯುತ್ತಲೇ ಇತ್ತು. ನೆಲ ಒಣಗಿತು. ಬಿತ್ತಿದ್ದೆಲ್ಲ ಕೈಗೆ ಬಂತು. ಅವನ ಹೊಲದ ಕುಂಬಳಕಾಯಿಯ ನೆರಳಲ್ಲಿ ಕರು ಮಲಗುತ್ತಿತ್ತು.

ಒಂದು ದಿನ ಕೋಳಿ ಒಳಗೆ ಬರಲು ಹಾರಬೇಕಾಯಿತು. ಮುಂದಿನ ಸುಗ್ಗಿಗೆ ರೈತನೇ ಕಾಲೆತ್ತಿ ಹತ್ತಬೇಕಾಯಿತು. ಅವನು ಒಂದು ಮೆಟ್ಟಿಲು ಇಟ್ಟ. ಆಮೇಲೆ ಅದರ ಕೆಳಗೆ ಇನ್ನೊಂದು. ವರ್ಷಗಳು ಕಳೆದವು, ಮೆಟ್ಟಿಲುಗಳು ಬೆಳೆದವು. ಯಾರ ಮನೆಯೂ ಹೀಗೆ ಏರಿದ್ದಿಲ್ಲ, ಇದು ನನ್ನ ಪುಣ್ಯವೇ ಸರಿ ಎಂದು ರೈತ ತೀರ್ಮಾನಿಸಿದ.

ಸಂಜೆ ಜಗಲಿಯಲ್ಲಿ ಕೂತರೆ ಕೆಳಗಿನ ಎತ್ತುಗಳು ಮೇಕೆಗಳಂತೆ ಕಾಣುತ್ತಿದ್ದವು. ಮಂಜು ಕವಿದಾಗ ನೆಲ ಮರೆಯಾಗಿ, ಮನೆ ಹಗ್ಗ ಬಿಚ್ಚಿದ ದೋಣಿಯಂತೆ ತೇಲುತ್ತಿತ್ತು. ಆಗ ಅವನಿಗೆ ಹಸಿವಿಲ್ಲ, ಸಿಟ್ಟಿಲ್ಲ. ಕೆಳಗಿನಿಂದ ಯಾರಾದರೂ ಕೂಗಿದರೆ ಇನ್ನೊಬ್ಬರ ಕನಸಿನಲ್ಲಿ ಕೂಗಿದಂತೆ ಕೇಳುತ್ತಿತ್ತು. ಜನ ನೋಡಲು ಬಂದರು. ಕೆಲವರು ಕೈಮುಗಿದರು. ಅವನೂ ಬೇಡ ಎನ್ನಲಿಲ್ಲ.

ಅಂಥ ಒಂದು ಸಂಜೆ ಹೆಂಡತಿ ಕೊಡ ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ನಿಮ್ಮ ಸ್ವರ್ಗಕ್ಕೆ ನೀರು ಹೊರೋಕೆ ಯಾರಾದ್ರೂ ರಂಭೆನ ನೋಡ್ಕೊಳ್ಳಿ. ನನ್ನ ಕೈಲಾಗಲ್ಲ."

"ಪುಣ್ಯವಂತರ ಮನೆ ಕಣೇ, ಏರ್ತಾ ಇದೆ. ಸುಮ್ಮನೆ ಹತ್ತು."

"ಏರ್ತಾ ಇದ್ಯಾ? ಹಾಗಾದ್ರೆ ಬಂಡೆ ಮೇಲಿನ ನೇರಳೆ ಕೊಂಬೆ ಇವತ್ತಿಗೂ ಇದೇ ಕಿಟಕಿಗೆ ಯಾಕೆ ಬಡೀತದೆ? ಬಂಡೇನೂ ಪುಣ್ಯ ಮಾಡಿತ್ತಾ?"

ರೈತ ಕೊಂಬೆಯನ್ನು ನೋಡಿದ. ಅದು ಎಂದಿನಂತೆ ಕಿಟಕಿಯನ್ನು ಸವರುತ್ತಿತ್ತು. ಬಂಡೆ ಕದಲಿರಲಿಲ್ಲ. ಹಾಗಾದರೆ ಮನೆಯೂ ಕದಲಿಲ್ಲ.

ಅವನು ಒಂದೊಂದೇ ಮೆಟ್ಟಿಲು ಇಳಿದು ನೆಲಕ್ಕೆ ಬಂದ. ಕೈಯಿಂದ ಕೆದಕಿದ. ಅಂಗೈಯಷ್ಟು ದಪ್ಪದ ಕಪ್ಪು ಪುಡಿ, ಅದರಡಿಯಲ್ಲಿ ಬರೀ ಬಿಳಿ ಜೇಡಿ. ಮುತ್ತಜ್ಜನ ಕಾಲದ ಎಲೆಗಾಗಿ ಹುಡುಕಿದ. ಒಂದು ನರವೂ ಸಿಗಲಿಲ್ಲ. ನೀರು ಕಾದಿಟ್ಟದ್ದನ್ನು, ನೀರು ಹೋದ ಮೇಲೆ, ಗಾಳಿ ತಿನ್ನುತ್ತಾ ಬಂದಿತ್ತು, ನೆಲ ಇಳಿಯುತ್ತಾ ಬಂದಿತ್ತು. ಹೊಗೆಯಿಲ್ಲ, ಬೂದಿಯಿಲ್ಲ, ಸದ್ದೇ ಇಲ್ಲದೆ ಒಂದು ಹೊಲ ಉರಿದುಹೋಗುತ್ತಿತ್ತು. ಆಕಾಶಕ್ಕೆ ಏನೋ ಏರುತ್ತಿದ್ದದ್ದು ನಿಜ. ಏರುತ್ತಿದ್ದದ್ದು ಅವನ ಮಣ್ಣು.

ಕಾಲುವೆ ಮುಚ್ಚಿದರೆ ಬೆಳೆ ಹೋಗುತ್ತದೆ, ಕೈಮುಗಿಯುವ ಜನರೂ ಹೋಗುತ್ತಾರೆ. ಆದರೂ ಅವನು ಗುದ್ದಲಿ ತಂದು ಕಾಲುವೆ ಮುಚ್ಚಿದ. ನೀರು ನಾಚಿಕೊಂಡಂತೆ ನಿಧಾನವಾಗಿ ಬಂತು. ಹೋದ ಮಣ್ಣು ಮರಳಲಿಲ್ಲ. ಉಳಿದ ಅಂಗೈಯಷ್ಟು ಮಣ್ಣು ಒದ್ದೆಯಾಗಿ ಉಳಿಯಿತು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಶಿಷ್ಯ ನಕ್ಕ. "ಎಂಥ ಮಂಕ! ಮನೆಯ ಮುಂದಿನ ನೆಲ ಹೋಗುತ್ತಿದ್ದರೂ ತಿಳಿಯಲಿಲ್ಲವೇ ಅವನಿಗೆ?" ಎಂದ. ಹೇಳುತ್ತಿದ್ದಂತೆ ಅವನ ನಗು ಅರ್ಧಕ್ಕೆ ನಿಂತಿತು. ಬಾಗಿಲಲ್ಲಿ ಭಾವನ ತಮ್ಮ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು.

ಗುರುಗಳು ಮೊದಲ ಸಲ ತಲೆ ಎತ್ತಿ ಶಿಷ್ಯನ ಮುಖ ನೋಡಿದರು.

"ಅಕ್ಕ ನಿನ್ನನ್ನು ಏನೆಂದು ಕರೆಯುತ್ತಿದ್ದಳು?"

ಶಿಷ್ಯ ಎದ್ದು ಬಾಗಿಲಿಗೆ ನಡೆದ. "ಮಣ್ಣು ಎಷ್ಟು ಹೊತ್ತಿಗೆ?" ಎಂದು ಭಾವನ ತಮ್ಮನನ್ನು ಕೇಳಿದ.