ಒಳ್ಳೆಯ ದಿನಕ್ಕೆ ಕಾದ ಕೀಬೋರ್ಡು

"ಗುರುಗಳೇ, ಒಳ್ಳೆಯ ವಸ್ತುವನ್ನು ಒಳ್ಳೆಯ ದಿನ ನೋಡಿ ಕೊಡುವುದು ತಪ್ಪೇ?"

ಕೇಳಿದವನು ಚನ್ನವೀರ. ಮಠದ ತಾಳೆಗರಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದ ಮೇಲ್ವಿಚಾರಣೆ ಅವನದು. ಕೂತು ಟೈಪು ಮಾಡುವವಳು ನೀಲಮ್ಮ. ಅವಳಿಗೆ ಮಣಿಕಟ್ಟಿನ ನೋವು ಬಂದಿತ್ತು. ಕೈಗೆ ಹೊಂದುವ ಕೀಬೋರ್ಡು ಬೇಕೆಂದು ವೈದ್ಯರು ಹೇಳಿದ್ದರು. ಪೇಟೆಯ ಭಕ್ತರೊಬ್ಬರು ಅದನ್ನು ತರಿಸಿಯೂ ಕೊಟ್ಟಿದ್ದರು. ಚನ್ನವೀರ ಆ ಪೆಟ್ಟಿಗೆಯನ್ನು ಕಾವಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಮುಂದಿನ ತಿಂಗಳು ಹಿರಿಯ ಗುರುಗಳ ಪುಣ್ಯತಿಥಿ. ಅಂದು ಭಕ್ತರೆಲ್ಲ ಸೇರಿರುವಾಗ ಗುರುಗಳ ಅಮೃತಹಸ್ತದಿಂದ ಅದನ್ನು ಅವಳಿಗೆ ಕೊಡಿಸಬೇಕೆಂಬುದು ಅವನ ಆಸೆ. ಬ್ಯಾನರಿಗೂ ಹೇಳಿ ಬಂದಿದ್ದ.

"ಆ ತಾಯಿಗೆ ತಾಳ್ಮೆಯೇ ಇಲ್ಲ" ಎಂದ ಚನ್ನವೀರ. "ಎದುರು ಸಿಕ್ಕಾಗಲೆಲ್ಲ ಪೆಟ್ಟಿಗೆಯ ಮಾತು. ಶಿಸ್ತೂ ಹೋಗಿದೆ. ಇವತ್ತು ಪಂಕ್ತಿಯಲ್ಲಿ ಪ್ರಸಾದಕ್ಕೆ ಎಡಗೈ ಒಡ್ಡಿದಳು! ಅಷ್ಟು ಜನರ ಮುಂದೆ ನನಗೇ ನಾಚಿಕೆಯಾಯಿತು. ಚೆನ್ನಾಗಿ ಗದರಿದೆ."

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು.

"ಕೂತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ. ಪಾಪ, ಒಳ್ಳೆಯವನು. ನಿನ್ನಷ್ಟೇ ಒಳ್ಳೆಯವನು."

ಚನ್ನವೀರ ಅದನ್ನು ಹೊಗಳಿಕೆ ಎಂದೇ ತಿಳಿದು ಕಾಲು ಮಡಚಿ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನದು ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ, ಕಚೇರಿಯ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವೂ ಅಲ್ಲಿಯೇ ಆಗಬೇಕು. ಮಾಡುವವಳು ಮಾತ್ರ ಒಬ್ಬಳೇ ಹೆಣ್ಣುಮಗಳು. ಗಂಡ ಹಾಸಿಗೆ ಹಿಡಿದಿದ್ದ. ಮಡಿಲಲ್ಲಿ ಒಂದು ಕೂಸು. ಹತ್ತು ಬೆರಳೇ ಅವಳ ಹೊಲ, ಅದರಿಂದಲೇ ಮನೆಯ ಅನ್ನ. ಅವಳು ಕೂತಳೆಂದರೆ ಹುರಿಯಕ್ಕಿ ಸಿಡಿದ ಹಾಗೆ ಪಟಪಟ ಸದ್ದು. ವರ್ತಕ ಬಂದವರಿಗೆಲ್ಲ, "ನನ್ನ ತಂಗಿ ಕಣ್ರೀ. ಕೈ ಅಂದರೆ ಇವಳದು ಕೈ!" ಎನ್ನುತ್ತಿದ್ದ.

ಆ ಕೈಗೆ ನೋವು ಬಂತು. ಮೊದಲು ಬೆರಳುಗಳಿಗೆ ಜೋಮು ಹಿಡಿಯಿತು. ಆಮೇಲೆ ಮಣಿಕಟ್ಟಿಗೆ ಇಳಿಯಿತು. ಜಡೆ ಹೆಣೆಯಲಾಗದೆ ಕೂದಲನ್ನು ಗಂಟು ಕಟ್ಟಿಕೊಂಡು ಬರತೊಡಗಿದಳು. "ಕೈ ಕೆಸರಾದರೆ ಬಾಯಿ ಮೊಸರು, ತಂಗಿ" ಎಂದು ವರ್ತಕ ನಕ್ಕ. ಮೊಸರನ್ನ ಕಲಸಲಿಕ್ಕೂ ಅವಳ ಕೈ ಏಳುತ್ತಿರಲಿಲ್ಲ.

ಹಾಗೆಂದು ಅವನು ಕಲ್ಲೆದೆಯವನಲ್ಲ. ತಾನೇ ವೈದ್ಯರ ಹತ್ತಿರ ಕರೆದುಕೊಂಡು ಹೋದ. "ಒಂದೇ ಕೆಲಸ, ಒಂದೇ ಭಂಗಿ, ವರ್ಷಗಟ್ಟಲೆ ನಡೆದಿದೆ. ಮಣಿಕಟ್ಟಿನ ನರ ಒತ್ತಿಕೊಂಡಿದೆ" ಎಂದರು ವೈದ್ಯರು. "ಕೈ ತಿರುಚದಂಥ ಕೀಬೋರ್ಡು ಕೊಡಿಸಿ. ನಡುನಡುವೆ ಬಿಡುವು ಕೊಡಿ. ತಡಮಾಡಬೇಡಿ."

ವರ್ತಕ ತಡಮಾಡಲಿಲ್ಲ. ದೂರದ ಪಟ್ಟಣದಿಂದ ತರಿಸಿಯೇಬಿಟ್ಟ. ಎಂಥ ಸಾಮಾನು ಅಂತೀಯ! ಕೀಬೋರ್ಡು ನಡುವೆ ಇಬ್ಭಾಗವಾಗಿ ದಿಬ್ಬದ ಹಾಗೆ ಉಬ್ಬಿತ್ತು. ಅಂಗೈ ಊರಲು ಮೆತ್ತನೆಯ ದಿಂಬು. ಮೌಸು ನೆಟ್ಟಗೆ ನಿಂತಿತ್ತು, ಚೊಂಬು ಹಿಡಿದಂತೆ ಹಿಡಿದರೆ ಸಾಕು. ಹೆಣ್ಣುಮಗಳು ಆ ದಿಂಬಿನ ಮೇಲೆ ಅಂಗೈ ಇಟ್ಟಳು. ಹಾಯೆನಿಸಿ ಕಣ್ಣಲ್ಲಿ ನೀರು ಬಂತು.

"ತೆಗಿ, ತೆಗಿ!" ಎಂದ ವರ್ತಕ. "ಇದು ಆಷಾಢ ಕಣಮ್ಮ. ಆಷಾಢದಲ್ಲಿ ಯಾರಾದರೂ ಹೊಸದನ್ನು ಶುರುಮಾಡುತ್ತಾರೆಯೇ? ಇಷ್ಟು ದಿನ ತಡೆದಿದ್ದೀಯ, ಇನ್ನೊಂದಿಷ್ಟು ತಡಿ."

ಪೆಟ್ಟಿಗೆ ದೇವರ ಪಟದ ಕೆಳಗೆ ಹೋಗಿ ಕೂತಿತು. ಶ್ರಾವಣ ಬಂತು. ಲಗ್ನಗಳು ಸಾಲುಗಟ್ಟಿ ಬಂದವು, ಲಗ್ನಪತ್ರಿಕೆಗಳೂ ಬಂದವು. "ಹೊಸದಕ್ಕೆ ಕೈ ಒಗ್ಗಬೇಕಲ್ಲ, ಈಗೆಲ್ಲಿ ಪುರಸೊತ್ತು?" ಎಂದ. ಗಣಪತಿ ಬಂದು ಹೋದ. ಹಿಂದೆಯೇ ಪಿತೃಪಕ್ಷ. "ಪಕ್ಷದಲ್ಲಂತೂ ಬೇಡವೇ ಬೇಡ" ಎಂದ. ಅವಳು ಆಗಲೇ ಕೂಸನ್ನು ಎತ್ತಿಕೊಳ್ಳಲು ಹೆದರುತ್ತಿದ್ದಳು, ಎಲ್ಲಿ ಕೈಜಾರಿ ಬಿದ್ದೀತೋ ಎಂದು. "ಅಣ್ಣಾ, ಇವತ್ತೊಂದು ದಿನ ಅದರಲ್ಲಿ ಮಾಡಲೇ?" ಎಂದು ಬೇಡಿದಳು. "ದೇವರ ಮುಂದೆ ಇಟ್ಟದ್ದನ್ನು ಎಳೆಯುತ್ತೀಯಾ? ಇನ್ನೇನು, ಆಯುಧಪೂಜೆ ಬಂದೇ ಬಂತು" ಎಂದ. ಪಂಚಾಂಗದಲ್ಲಿ ಎಲ್ಲದಕ್ಕೂ ಒಂದು ದಿನವಿತ್ತು, ಆ ಕೈಗೆ ಮಾತ್ರ ಇರಲಿಲ್ಲ. ಅವಳು ಹಳೆಯ ಕೀಬೋರ್ಡಿಗೇ ಮರಳಿದಳು.

"ಛೇ, ಮೂಢ!" ಎಂದ ಚನ್ನವೀರ. ಸದ್ಯ, ನಮ್ಮ ಮಠದಲ್ಲಿ ಪಂಚಾಂಗ ನೋಡುವವರಿಲ್ಲ ಎಂದು ಮನಸ್ಸಿನಲ್ಲೇ ಸಮಾಧಾನಪಟ್ಟ. ಗುರುಗಳು ಅವನ ಮುಖವನ್ನೊಮ್ಮೆ ನೋಡಿ ಮುಂದುವರಿಸಿದರು.

ಆಯುಧಪೂಜೆಯ ದಿನ ಅಂಗಡಿ ತೊಳೆದರು. ಪ್ರಿಂಟರಿಗೆ ಚೆಂಡುಹೂವಿನ ಹಾರ, ಕತ್ತರಿಗೆ ಕುಂಕುಮ, ಕುರ್ಚಿಯ ಕಾಲಿಗೂ ವಿಭೂತಿ. ಹೊಸ ಕೀಬೋರ್ಡನ್ನು ಮಣೆಯ ಮೇಲಿಟ್ಟು ರೇಷ್ಮೆ ಬಟ್ಟೆ ಹೊದಿಸಿದರು. ಊರ ಹಿರಿಯರು ಬಂದು ಕೂತರು. "ಇವಳಿಗೆಂದೇ ತರಿಸಿದ್ದು. ಆರತಿಯೂ ಇವಳೇ ಎತ್ತಲಿ" ಎಂದ ವರ್ತಕ. ಅವನಿಗೆ ಅಂದು ಹಿಡಿಸಲಾರದ ಸಂತೋಷ.

ಅವಳು ತಟ್ಟೆ ಎತ್ತಿದಳು. ಎದೆಯ ಮಟ್ಟಕ್ಕೆ ಬಂತು. ಅಲ್ಲಿಂದ ದಢಾರನೆ ಬಿತ್ತು.

ದೀಪ ಆರಿತು. ಎಣ್ಣೆ ಚೆಲ್ಲಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗಾಯಿತು. "ಅಪಶಕುನ! ಅಪಶಕುನ!" ಎಂದು ಜನ ಎದ್ದು ನಿಂತರು. ಒಬ್ಬರು ಓಡಿಬಂದು ಎಣ್ಣೆ ಒರೆಸಿದರು. ಇನ್ನೊಬ್ಬರು ಕೀಬೋರ್ಡಿಗೇನಾದರೂ ತಾಗಿತೇ ಎಂದು ತಿರುಗಿಸಿ ತಿರುಗಿಸಿ ನೋಡಿದರು. "ಭಯಭಕ್ತಿ ಬೇಡವೇನೇ? ಎರಡೂ ಕೈಯಲ್ಲಿ ಹಿಡಿಯಬಾರದಿತ್ತೇ?" ಎಂದು ವರ್ತಕ ಕೂಗಾಡಿದ. ಅವಳು ಎರಡೂ ಕೈಯಲ್ಲೇ ಹಿಡಿದಿದ್ದಳು. ದೋಷ ಹೋಗಲೆಂದು ಇನ್ನೊಂದು ಬೂದುಗುಂಬಳ ತರಿಸಿ, ಯಂತ್ರಕ್ಕೆ ದೃಷ್ಟಿ ತೆಗೆದು, ಬೀದಿಯಲ್ಲಿ ಒಡೆದರು. ಹೆಣ್ಣುಮಗಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಏನಾಯಿತು ತಾಯಿ ಎಂದು ಯಾರೂ ಕೇಳಲಿಲ್ಲ.

ಚನ್ನವೀರ "ದೇವರೇ" ಎಂದ, ತನಗೇ ಕೇಳುವಷ್ಟು ಮೆಲ್ಲಗೆ.

ಮರುದಿನ ವಿಜಯದಶಮಿ. ವರ್ತಕನ ಸಿಟ್ಟು ಇಳಿದಿತ್ತು. ತಾನೇ ರೇಷ್ಮೆ ಬಟ್ಟೆ ಸರಿಸಿ, ಕುರ್ಚಿ ಎಳೆದು, "ಕೂರು ತಂಗಿ. ಮೊದಲು ದೇವರ ಹೆಸರು ಹೊಡಿ" ಎಂದ. ಅವಳು ಕೂತು ದಿಂಬಿನ ಮೇಲೆ ಅಂಗೈ ಇಟ್ಟಳು. ಮೆತ್ತಗಿದೆಯೋ ಗಟ್ಟಿಯಿದೆಯೋ ಅವಳಿಗೆ ತಿಳಿಯಲಿಲ್ಲ. ಹೆಬ್ಬೆರಳು ಹೇಳಿದ ಮಾತು ಕೇಳಲಿಲ್ಲ. ಅದರ ಬುಡದ ಉಬ್ಬು ಬತ್ತಿಹೋಗಿ ಕುಳಿ ಬಿದ್ದಿತ್ತು. ವರ್ತಕ ಆ ಕೈಯನ್ನು ನೋಡಿದ್ದು ಆಗಲೇ.

"ಅಯ್ಯಯ್ಯೋ! ಇಷ್ಟಾಗುವ ತನಕ ಯಾಕೆ ಹೇಳಲಿಲ್ಲ ತಂಗಿ?"

"ನಾನು ಕೈ ಅಂದಾಗಲೆಲ್ಲ ನೀವು ತಿಥಿ ಅಂದಿರಿ, ಅಣ್ಣಾ" ಎಂದಳು ಅವಳು. "ಸಾಮಾನು ಬಹಳ ಚೆನ್ನಾಗಿದೆ. ನನ್ನ ಜಾಗಕ್ಕೆ ಬರುವವಳಿಗೆ ಕೊಡಿ. ಬಂದ ದಿನವೇ ಕೊಡಿ."

ಮತ್ತೆ ವೈದ್ಯರ ಬಳಿ ಓಡಿದರು. ಕೊಯ್ದು ಸರಿಪಡಿಸಿದರೆ ನೋವು ಹೋದೀತು, ಬಲ ಬಂದೀತೆಂದು ಮಾತ್ರ ಹೇಳಲಾರೆ ಎಂದರು ಅವರು. ನೋವು ಹೋಯಿತು. ಬಲ ಬರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ದುಃಖಕ್ಕಿಂತ ಸಿಟ್ಟೇ ಮುಂದಾಗಿ ಬಂತು.

"ಎಂಥ ಮನುಷ್ಯ ಗುರುಗಳೇ ಅವನು! ಕಣ್ಣೆದುರಿಗೇ ಒಂದು ಕೈ ಸಾಯುತ್ತಿದೆ. ತಟ್ಟೆ ಬಿದ್ದದ್ದು ಕಂಡಿತು, ಎಣ್ಣೆ ಚೆಲ್ಲಿದ್ದು ಕಂಡಿತು. ಆ ಕೈ ಕಾಣಲಿಲ್ಲವೇ ಅವನಿಗೆ?"

ಗುರುಗಳು ಮೆಲ್ಲಗೆ ಕೇಳಿದರು:

"ಪಂಕ್ತಿಯಲ್ಲಿ ನೀಲಮ್ಮ ಒಡ್ಡಿದ ಎಡಗೈ ನಿನಗೆ ಕಂಡಿತಲ್ಲ ಚನ್ನವೀರ, ಆಗ ಅವಳ ಬಲಗೈ ಎಲ್ಲಿತ್ತು?"